ಒಂದು ಹಾಡಿನಷ್ಟು ಹೊತ್ತು

ಒಂದು ಸಲ ಇಳಿದರೆ ಸಾಕು ಎಂದು ಕರೆದುಕೊಂಡು ಹೋಗಿ ಕರಿಯನ್‌ನನ್ನು ಮೂರು ಸಲ ಇಳಿಸಿದರು. ಹನ್ನೊಂದನೆಯ ವಾರ ಅವನು ಚೇಕಾಡಿಯ ತನ್ನ ಗುಡಿಸಲಿನಲ್ಲಿ ಸತ್ತ. ಅಣುಸ್ಥಾವರದ ದಾಖಲೆಯಲ್ಲಿ ಅವನ ಮೈಗೆ ತಾಗಿದ್ದು ಸೊನ್ನೆ.

ಕೇಣಿಚಿರದ ಅಂಗಡಿಯ ಬಾಗಿಲಿಗೆ ಒಂಬತ್ತು ಹಲಗೆ. ಅಪ್ಪ ಅವುಗಳ ಮೇಲೆ ಸುಣ್ಣದಲ್ಲಿ ಬರೆದಿದ್ದ ಅಂಕಿಗಳು ಮಾಸಿಹೋಗಿದ್ದರೂ ಶಿವಮಲ್ಲಪ್ಪನ ಕೈಗೆ ಅವು ಗೊತ್ತಿದ್ದವು. ಇವತ್ತು ಐದನೆಯ ಹಲಗೆಯನ್ನು ತೆಗೆದವನು ಅದನ್ನು ಎದೆಗೆ ಅವುಚಿಕೊಂಡು ನಿಂತೇಬಿಟ್ಟ. ರಸ್ತೆಯಾಚೆ ಕರಿಮೆಣಸಿನ ಮೂಟೆ ಇಳಿಸುತ್ತಿದ್ದವರು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅವರು ನೋಡುತ್ತಿರಲಿಲ್ಲ. ಕಳೆದ ಮೂರು ತಿಂಗಳಿಂದ ಹೀಗೇ: ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ತನಗೆ ಏನೋ ಸೂಚಿಸಲು ಕೆಮ್ಮಿದರು ಅನ್ನಿಸುತ್ತಿತ್ತು, ಹೆಂಡತಿ ಬಾಚಣಿಗೆಯಿಂದ ಕೂದಲು ಬಿಡಿಸಿ ಬೆರಳಿಗೆ ಸುತ್ತುತ್ತಿದ್ದರೆ ಎದ್ದು ಹಿತ್ತಲಿಗೆ ಹೋಗಬೇಕಾಗುತ್ತಿತ್ತು. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ ಹಲಗೆಗೆ ಒತ್ತಿ ಸದ್ದು ಮಾಡಿತು.

"ಏನ್ರೀ, ಹಲಗೆ ತಬ್ಕಂಡು ನಿಂತ್ಕಂಡ್ರಿ?" ಒಳಗಿನಿಂದ ಗುರುಬಸಮ್ಮ ಕೇಳಿದಳು. "ಆ ಜೀಪಿನೋರು ಬಂದ್ರೆ ಟೀ ಕೊಡ್ಲಾ, ಬ್ಯಾಡ್ವಾ?"

"ಕೊಡು."

"ಕೊಡು ಅಂತೀರಿ. ಮೊಕ ನೋಡುದ್ರೆ ಇಸ ಬೆರ್ಸಿ ಕೊಡು ಅಂದಂಗದೆ."

ಅವನು ನಗಲಿಲ್ಲ. ನಗಬೇಕಿತ್ತು ಎಂದು ಆಮೇಲೆ ಹೊಳೆದು, ಹೊಳೆದದ್ದಕ್ಕೆ ನಾಚಿಕೆಯಾಯಿತು. ಕಾಗದ ಇಂಗ್ಲಿಷಿನಲ್ಲಿತ್ತು, ಒಂದೂವರೆ ಪುಟ. ನಿನ್ನೆ ಸಂಜೆ ಗುತ್ತಿಗೆದಾರರ ಕಡೆಯ ದಿವಾಕರನ್ ಅದನ್ನು ಕೊಟ್ಟು, ರಾತ್ರಿ ಓದಿಕೊಳ್ಳಿ ಮಾಷೇ, ನಾಳೆ ಒಂಬತ್ತಕ್ಕೆ ಜೀಪು ತರುತ್ತೇನೆ ಎಂದು ಹೋಗಿದ್ದ. ಮಲಯಾಳದಲ್ಲಿ ಮಾಷ್ ಎಂದರೆ ಮೇಷ್ಟ್ರು. ಶಿವಮಲ್ಲಪ್ಪ ಮೇಷ್ಟ್ರಲ್ಲ; ಉಪ್ಪು, ಹೊಗೆಸೊಪ್ಪು, ಸೀಮೆಎಣ್ಣೆ ಮಾರುವವನು, ಗುಂಡ್ಲುಪೇಟೆ ಕಡೆಯಿಂದ ಬಂದ ಅಜ್ಜನಿಂದ ಮೂರನೆಯ ತಲೆ. ವಾಚನಾಲಯದ ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ಜನ ಹಾಗೆ ಕರೆಯಲು ಶುರುಮಾಡಿದ್ದರು, ಅವನು ಬೇಡವೆನ್ನಲಿಲ್ಲ. ಕಾಗದದಲ್ಲಿ ಬೊಮ್ಮನ್ ಎಂಬ ನಾನು ಹೇಳುವುದೇನೆಂದರೆ ಎಂದಿತ್ತು. ನಾನು, ನನ್ನ ತಂಗಿಯ ಸತ್ತ ಗಂಡ ಕರಿಯನ್, ಉಳಿದ ಹತ್ತು ಮಂದಿ, ನಮಗೆ ಕೊಟ್ಟ ಫಿಲ್ಮ್ ಬಿಲ್ಲೆಯನ್ನು ಕೆಲಸದ ಉದ್ದಕ್ಕೂ ಎದೆಯ ಮೇಲೆ ಧರಿಸಿದ್ದೆವು. ಬಿಲ್ಲೆಗಳಲ್ಲಿ ಏನೂ ಕಾಣದಿರುವುದರಿಂದ ನಮ್ಮ ರೋಗಗಳಿಗೆ ಸ್ಥಾವರ ಕಾರಣವಲ್ಲವೆಂದು ಒಪ್ಪುತ್ತೇನೆ. ಕೆಳಗೆ ಬೊಮ್ಮನ್‌ನ ಹೆಬ್ಬೆಟ್ಟಿಗೆ ಒಂದು ಚೌಕ. ಅದರ ಕೆಳಗೆ, ಮೇಲಿನದನ್ನು ಹೇಳಿಕೆದಾರನಿಗೆ ಅವನ ತಾಯ್ನುಡಿಯಲ್ಲಿ ಓದಿ ವಿವರಿಸಿದ್ದೇನೆ ಎಂದು ಶಿವಮಲ್ಲಪ್ಪನ ಸಹಿಗೆ ಒಂದು ಗೆರೆ. ಎರಡೂ ಬಿದ್ದರೆ ಕರಿಯನ್‌ನ ಸಾವಿನ ವಿಚಾರಣೆ ಮುಗಿಯುತ್ತದೆ. ಬೊಮ್ಮನ್‌ಗೂ ಈಗಾಗಲೇ ಮಲಗಿರುವ ಇನ್ನು ನಾಲ್ವರಿಗೂ ದೊಡ್ಡಾಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ಬೀಳದಿದ್ದರೆ ಮುಚ್ಚುವ ಬಾಗಿಲು ತನ್ನ ಹಿಂದೆ. ದಿವಾಕರನ್ ಅದನ್ನೂ ನಗುತ್ತಲೇ ಹೇಳಿದ್ದ: ಪುಲ್ಪಳ್ಳಿ ಠಾಣೆಯಲ್ಲಿ ನಿಮ್ಮ ಹಳೆಯ ಫೈಲು ಇನ್ನೂ ಇದೆಯಂತಲ್ಲ, ಈ ತುರ್ತುಪರಿಸ್ಥಿತಿಯಲ್ಲಿ ಒಳಗೆ ಹಾಕಲು ಕಾರಣ ಹೇಳಬೇಕಾಗಿಯೂ ಇಲ್ಲ, ಎಷ್ಟು ತಿಂಗಳೋ.

ಜೀಪಿನಲ್ಲಿ ಕೂತಾಗ ಮಂಡಿಗಳು ನೋಯತೊಡಗಿದವು. ಠಾಣೆಯ ನೆನಪು ಬಂದಾಗೆಲ್ಲ ತಲೆಗಿಂತ ಮೊದಲು ಮಂಡಿಗೆ ತಿಳಿಯುತ್ತಿತ್ತು. ಏಳು ವರ್ಷದ ಹಿಂದೆ, ಭೂಮಿಗಾಗಿ ಪುಲ್ಪಳ್ಳಿಯಲ್ಲಿ ಗಲಾಟೆಯಾದ ವಾರ, ವಾಚನಾಲಯದಿಂದ ಅವನನ್ನು ಎಳೆದುಕೊಂಡು ಹೋಗಿ ಒಂದು ಕರಪತ್ರ ಕೊಟ್ಟು ಗಟ್ಟಿಯಾಗಿ ಓದಿಸಿದ್ದರು. ಭೂಮಿ ಎಂಬ ಶಬ್ದ ಬಂದಾಗಲೆಲ್ಲ ಬಸ್ಕಿ ಹೊಡೆಯಬೇಕು. ಕರಪತ್ರದ ತುಂಬ ಅದೇ ಶಬ್ದ. ಹತ್ತು ಸಲ ಆದ ಮೇಲೆ ಶಿವಮಲ್ಲಪ್ಪ ಆ ಶಬ್ದವನ್ನು ಹಾರಿಸಿ ಓದಲು ಶುರುಮಾಡಿದ. ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ, ನೋಡಿ ನೋಡಿ, ಇವನೇ ತಿದ್ದಿಕೊಂಡ, ಬಿಟ್ಟುಬಿಡಿ ಎಂದ. ಹೊಡೆತ ತಿಂದವರು ಒಳಗೆ ಇದ್ದರು. ಅವನು ಎರಡನೆಯ ದಿನವೇ ಮನೆಗೆ ಬಂದು ಅವ್ವ ಕೊಟ್ಟ ಬಿಸಿನೀರು ಹುಯ್ದುಕೊಂಡ. ಆಮೇಲೆ ಎಷ್ಟೋ ವರ್ಷ, ಯಾವುದಾದರೂ ದೊಡ್ಡ ಒಳ್ಳೆಯ ಕೆಲಸ ಮಾಡಿ ಆ ನಗುವನ್ನು ಅಳಿಸಬೇಕು ಎಂದು ಹುಡುಕಿದ. ಸಿಕ್ಕಿದ್ದು ಚೇಕಾಡಿಯ ಗುಡಿಸಲುಗಳು.

ಗದ್ದೆಯಲ್ಲಿ ಗಂಧಸಾಲೆ ತೆನೆಗಟ್ಟಿತ್ತು. ಜೀಪಿನ ಸದ್ದಿಗೆ ಬೆಳ್ಳಕ್ಕಿಗಳು ಎದ್ದು ಮತ್ತೆ ಅಲ್ಲಿಯೇ ಕೂತವು. ದಿವಾಕರನ್ ಕಿಟಕಿಯಿಂದ ಮೂಗು ಹೊರಗೆ ಚಾಚಿ, "ಆಹಾ, ಎಂಥ ಪರಿಮಳ ಮಾಷೇ, ಈ ಅಕ್ಕಿಯ ಪಾಯಸ ತಿಂದರೆ ಮನುಷ್ಯ ಸಾಯೋದೇ ಇಲ್ಲ," ಎಂದ. ಗದ್ದೆಯ ಆಚೆ, ಕಾಡು ಶುರುವಾಗುವಲ್ಲಿ, ಹದಿನೇಳು ಗುಡಿಸಲು. ಆ ಜಾಗವನ್ನು ಕಾಡುನಾಯಕರು ಎರಡು ವರ್ಷದ ಹಿಂದೆ ನಮ್ಮಜ್ಜನ ಸಮಾಧಿ ಇರುವುದು ಇಲ್ಲಿ ಎಂದು ಹೇಳಿ ಹಿಡಿದಿದ್ದರು. ಫಾರೆಸ್ಟಿನವರು ಎರಡು ಸಲ ಸುಟ್ಟರು, ಇವರು ಎರಡು ಸಲ ಮತ್ತೆ ಕಟ್ಟಿದರು. ಮೂರನೆಯ ಸಲ ಸುಡುವ ಮೊದಲು ದಿವಾಕರನ್ ಅಂಗಡಿಗೆ ಬಂದಿದ್ದ. ಕಡಲ ದಂಡೆಯ ಅಣುಸ್ಥಾವರದಲ್ಲಿ ನೆಲದಡಿಯ ಕೋಣೆಯೊಂದರಲ್ಲಿ ಕೊಳವೆ ಒಡೆದಿದೆ, ಮೆಟ್ಟಿಲ ದಾರಿ ಮುಳುಗಿದೆ, ಮೇಲಿನ ಒಂದು ಕಿಂಡಿಯಿಂದ ಹಗ್ಗದಲ್ಲಿ ಇಳಿದು ಚಕ್ರವೊಂದನ್ನು ತಿರುಗಿಸಿ ಮುಚ್ಚಬೇಕು, ಅಲ್ಲಿನವರಿಗೆ ಹಗ್ಗ ಗೊತ್ತಿಲ್ಲ. ಬಂಡೆಯಿಂದ ಜೇನಿಗೆ ಇಳಿಯುವ ಹನ್ನೆರಡು ಮಂದಿ ಬೇಕು. ಒಬ್ಬೊಬ್ಬರು ಒಂದೊಂದು ಸಲ. ಬಂದರೆ ಗುಡಿಸಲುಗಳ ತಂಟೆಗೆ ಯಾರೂ ಹೋಗದ ಹಾಗೆ ಮೇಲಿನಿಂದ ಹೇಳಿಸುತ್ತೇವೆ. ಈ ಮಾತನ್ನು ಗುಡಿಸಲುಗಳ ಅಂಗಳಕ್ಕೆ ಹೊತ್ತವನು ಶಿವಮಲ್ಲಪ್ಪ. ಅವನ ಮಾತನ್ನು ಅವರು ನಂಬುತ್ತಿದ್ದರು, ಅವರ ನುಡಿ ಅವನ ಮನೆಯ ಕನ್ನಡಕ್ಕೆ ಹತ್ತಿರವಾಗಿತ್ತು. ದುಭಾಷಿಯಾಗಿ ತಾನೂ ಹೋದ. ರೈಲಿನಲ್ಲಿ ಅವನಿಗೆ ಸುಖವಾಗಿತ್ತು ಎನ್ನುವುದನ್ನು ಈಗ ಮರೆಯಲಾಗುತ್ತಿಲ್ಲ.

ಸ್ಥಾವರದ ಎಂಜಿನಿಯರು ಎಳೆಯ ವಯಸ್ಸಿನವನು, ಮೂರು ದಿನದಿಂದ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು. ಬಿಲ್ಲೆಗಳನ್ನು ಹಂಚುತ್ತ ಇಂಗ್ಲಿಷಿನಲ್ಲಿ ಏನೇನೋ ಬೇಗಬೇಗ ಹೇಳಿ, ತಿಳಿಯಿತೇ ಎಂದು ಶಿವಮಲ್ಲಪ್ಪನನ್ನು ಕೇಳಿದ. ಶಿವಮಲ್ಲಪ್ಪನ ಇಂಗ್ಲಿಷು ನಿಧಾನವಾಗಿ ಓದುವ ಇಂಗ್ಲಿಷು. ಕಿವಿಗೆ ಬಿದ್ದದ್ದರಲ್ಲಿ ಅರ್ಧ ದಕ್ಕಿರಲಿಲ್ಲ. ಇನ್ನೊಂದು ಸಲ ಹೇಳಿ ಎನ್ನಬಹುದಿತ್ತು. ಸುತ್ತ ಬಿಳಿ ಬಟ್ಟೆಯವರು ನಿಂತಿದ್ದರು. ತಿಳಿಯಿತು ಎಂದ. ತಿರುಗಿ ಹನ್ನೆರಡು ಮಂದಿಗೆ, "ಇದು ನಿಮ್ಮ ಹೆಸರಿನ ಬಿಲ್ಲೆ. ಆಪೀಸಿನೋರದು. ಕಳೀಬ್ಯಾಡಿ," ಎಂದ. ಜೇನಿಗೆ ಇಳಿಯುವವನು ಮನುಷ್ಯ ಮಾಡಿದ ಯಾವುದನ್ನೂ ಮೈಮೇಲೆ ಇಟ್ಟುಕೊಳ್ಳುವುದಿಲ್ಲ. ಉಡಿದಾರದ ಬೆಳ್ಳಿ, ಕಿವಿಯ ಒಂಟಿ, ಬೀಡಿ ಪೊಟ್ಟಣ, ಎಲ್ಲವನ್ನೂ ಬಿಚ್ಚಿ ಮರದ ಕೊಂಬೆಗೆ ತೂಗುಹಾಕಿ ಇಳಿಯುತ್ತಾನೆ. ಇಲ್ಲದಿದ್ದರೆ ಹುಳು ಸಿಟ್ಟಾಗುತ್ತದೆ. ಅಲ್ಲಿ ಮರವಿರಲಿಲ್ಲ, ಗೋಡೆಯಲ್ಲಿ ಗೂಟಗಳಿದ್ದವು. ಒಬ್ಬೊಬ್ಬರೂ ತಮ್ಮ ಬಿಲ್ಲೆಯನ್ನು, ಅದು ಬೇರೆಯವರದು, ಕಳೆಯಬಾರದು ಎಂದು ದಾರವನ್ನು ಎರಡು ಸುತ್ತು ಸುತ್ತಿ, ಜೋಪಾನವಾಗಿ ಗೂಟಕ್ಕೆ ಹಾಕಿ ಹೋದರು. ಕಿಂಡಿಯ ಹತ್ತಿರದವರು ಮುಖಕ್ಕೆ ಮುಸುಕು ಹಾಕಿಕೊಂಡಿದ್ದರು, ಯಾರ ಎದೆಯನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಬೇರೆ ಯಾರ ಕೈಯ ಹಗ್ಗದಲ್ಲೂ ಅವರು ಇಳಿಯುವುದಿಲ್ಲ. ಒಡಹುಟ್ಟಿದವಳನ್ನು ಮುಂಡೆ ಮಾಡಲು ಯಾರ ಕೈಯೂ ಬರುವುದಿಲ್ಲ ಎಂಬ ಲೆಕ್ಕ. ಕರಿಯನ್‌ನ ಹಗ್ಗ ಬೊಮ್ಮನ್‌ನ ಕೈಯಲ್ಲಿತ್ತು. ಒಂದೂವರೆ ನಿಮಿಷಕ್ಕಿಂತ ಹೆಚ್ಚು ಒಳಗಿರಕೂಡದು ಎಂದು ಎಂಜಿನಿಯರು ಗಡಿಯಾರ ತೋರಿಸಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂಡೆಯ ಮೇಲೆ ಹಗ್ಗ ಹಿಡಿದವನು ಹಾಡುತ್ತಾನೆ, ಕೆಳಗಿನವನಿಗೆ ತಾನಿದ್ದೇನೆ ಎಂದು ತಿಳಿಯಲು. ಹಾಡು ಮುಗಿದರೆ ಎಳೆಯುತ್ತಾನೆ. ಬೊಮ್ಮನ್ ಹಾಡಿ ತೋರಿಸಿದ. ಎಂಜಿನಿಯರು ಗಡಿಯಾರ ನೋಡುತ್ತ ನಿಂತವನು ಕೊನೆಗೆ ನಕ್ಕುಬಿಟ್ಟ. ನಾಲ್ಕು ಸೆಕೆಂಡು ಕಡಿಮೆ. ಹಾಡಲಿ ಎಂದ. ಹನ್ನೆರಡು ಮಂದಿ ಇಳಿದು ಹತ್ತಿದರು. ಚಕ್ರ ಅರ್ಧ ತಿರುಗಿತು. ಆ ಇಕ್ಕಟ್ಟಿನಲ್ಲಿ ನುಸುಳಿ ಅದನ್ನು ಮುಟ್ಟಬಲ್ಲಷ್ಟು ಸಣ್ಣ ಮೈ ಇದ್ದವನು ಕರಿಯನ್ ಒಬ್ಬನೇ ಎಂದು ಗೊತ್ತಾಯಿತು.

ಅವನು ಎರಡನೆಯ ಸಲಕ್ಕೆ ಸಿದ್ಧನಾಗುತ್ತಿದ್ದಾಗ ಶಿವಮಲ್ಲಪ್ಪ ಗೋಡೆಯ ಸೂಚನೆಯನ್ನು ತನ್ನ ನಿಧಾನದ ಇಂಗ್ಲಿಷಿನಲ್ಲಿ ಓದಿದ. ಕಣ್ಣಿಗೆ ಕಾಣದ ಕಿರಣವನ್ನು ಈ ಬಿಲ್ಲೆ ಕುಡಿದಿಟ್ಟುಕೊಳ್ಳುತ್ತದೆ. ಮನುಷ್ಯನಿಗೆ ಎಷ್ಟು ತಾಗಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ. ಮಿತಿ ದಾಟಿದವನನ್ನು ಮತ್ತೆ ಇಳಿಸಕೂಡದು. ತಿರುಗಿ ನೋಡಿದರೆ ಗೂಟಗಳಲ್ಲಿ ಸಾಲಾಗಿ ಹನ್ನೆರಡು ಬಿಲ್ಲೆಗಳು. ಬಾಯಿ ತೆರೆದ. ಪಕ್ಕದಲ್ಲಿ ನಿಂತಿದ್ದ ದಿವಾಕರನ್ ಮೆಲ್ಲಗೆ, "ಅಲ್ಲೇ ಇರಲಿ ಮಾಷೇ. ಇವನನ್ನು ತಡೆದರೆ ಚಕ್ರ ಮುಚ್ಚುವವರು ಯಾರು? ಮುಚ್ಚದಿದ್ದರೆ ಕಡಲ ದಂಡೆಯ ಊರೆಲ್ಲ ಖಾಲಿ. ನಿಮ್ಮ ಹದಿನೇಳು ಗುಡಿಸಲೂ ಖಾಲಿ," ಎಂದ. ಶಿವಮಲ್ಲಪ್ಪ ಬಾಯಿ ಮುಚ್ಚಿದ. ಗುಡಿಸಲಿಗಾಗಿ ಮುಚ್ಚಿದೆ ಎಂದು ಎಷ್ಟೋ ರೀತಿಯಲ್ಲಿ ತನಗೆ ತಾನು ಹೇಳಿಕೊಂಡಿದ್ದ. ನಿಜ ಅಷ್ಟು ದೊಡ್ಡದಿರಲಿಲ್ಲ. ಈಗ ಹೇಳಿದರೆ ಆಗ ತಿಳಿದಿರಲಿಲ್ಲ ಎಂದು ಆ ಬಿಳಿ ಬಟ್ಟೆಯವರಿಗೆ ಗೊತ್ತಾಗುತ್ತಿತ್ತು.

ಮೂರನೆಯ ಸಲ ಹಾಡು ಮುಗಿದರೂ ಕೆಳಗೆ ಚಕ್ರ ಪೂರ್ತಿ ತಿರುಗಿರಲಿಲ್ಲ. ಎಂಜಿನಿಯರು ಕಿಂಡಿಯ ಬಳಿ ಮಂಡಿಯೂರಿ ಮತ್ತೆ, ಮತ್ತೆ ಎಂದು ಕೂಗಿದ. ಬೊಮ್ಮನ್ ಶಿವಮಲ್ಲಪ್ಪನ ಮುಖ ನೋಡಿದ. ಒಮ್ಮೆ ಇಳಿದವನಿಗೆ ಹಾಡನ್ನು ಎರಡು ಸಲ ಹಾಡುವಂತಿಲ್ಲ, ಹಾಡಿದರೆ ಅವನು ಉಳಿಯುವುದಿಲ್ಲ ಎಂಬ ಅವರ ನಂಬಿಕೆ ಶಿವಮಲ್ಲಪ್ಪನಿಗೆ ಗೊತ್ತಿತ್ತು. ಆದರೂ ಇಂಗ್ಲಿಷನ್ನು ಕನ್ನಡ ಮಾಡಿ ಕೊಟ್ಟ. ಇನ್ನೊಂದು ಸಲ ಹಾಡು. ಬೊಮ್ಮನ್ ಹಾಡಿದ. ಚಕ್ರ ಮುಚ್ಚಿಕೊಂಡಿತು. ಮೇಲೆ ಬಂದ ಕರಿಯನ್‌ಗೆ ಯಾರೋ ಒಂದು ಲೋಟ ಹಾಲು ಕೊಟ್ಟರು; ತಣ್ಣಗಿನ ಹಾಲು ಅವನು ಕುಡಿದವನಲ್ಲ, ಒಂದು ಗುಟುಕು ಕುಡಿದು ಕಕ್ಕಿದ. ಹತ್ತು ದಿನದ ಮೇಲೆ ಪತ್ರಿಕೆಯಲ್ಲಿ ಎರಡು ಸಾಲು ಬಂತು, ಸಣ್ಣ ದೋಷ, ಸರಿಪಡಿಸಲಾಗಿದೆ. ಶಿವಮಲ್ಲಪ್ಪ ಅದನ್ನು ವಾಚನಾಲಯದ ಬೆಂಚಿನ ಮೇಲೆ ಕೂತು ಓದಿದ, ಪುಟ ತಿರುವಿದ.

"ಇಳೀರಿ ಮಾಷೇ, ನಿದ್ದೆಯಾ?" ದಿವಾಕರನ್ ಕೇಳಿದ.

ಕರಿಯನ್‌ನ ಹೆಂಡತಿ ಚಿರುತ ಅಂಗಳದಲ್ಲಿ ಗೆಣಸು ಹೆಚ್ಚುತ್ತಿದ್ದಳು. ಎದ್ದು ನಿಲ್ಲಲಿಲ್ಲ. ಜಗುಲಿಯ ಮೇಲೆ ಗೋಡೆಗೆ ಒರಗಿ ಅವಳ ಅಣ್ಣ ಬೊಮ್ಮನ್ ಕೂತಿದ್ದ. ಎರಡೂ ಕೈಗೆ ಎಲೆ ಇಟ್ಟು ಹಳೆಯ ಸೀರೆಯ ಬಟ್ಟೆ ಸುತ್ತಿತ್ತು. ಕಿಂಡಿಯಿಂದ ಒದ್ದೆಯಾಗಿ ಬಂದ ಹಗ್ಗವನ್ನು ಮೂರು ಸಲ ಎಳೆದ ಕೈ.

"ಬಂದ್ರಾ ಬುದ್ಧಿ," ಎಂದಳು ಚಿರುತ. "ಜೀಪಲ್ಲೇ ಬಂದ್ರಿ. ಒಳ್ಳೇದು. ನಡ್ಕಂಡು ಬಂದಿದ್ರೆ ನೀವು ಅಂತ ಗುರ್ತೇ ಸಿಕ್ತಿರ್ನಿಲ್ಲ."

"ಚಿರುತೇ, ಸುಖಂ ತನ್ನೆಯಲ್ಲೇ?" ದಿವಾಕರನ್ ಜಗುಲಿಯ ಅಂಚಿಗೆ ಕೂತ.

"ಸುಖ ಸಾರೇ. ಗಂಡ ಮಣ್ಣೊಳಗೆ ಸುಖವಾಗವ್ನೆ, ಅಣ್ಣ ಗ್ವಾಡೆಗೊರಗಿ ಸುಖವಾಗವ್ನೆ. ನಾನು ಗೆಣಸು ಹೆಚ್ತಾ ಇವ್ನಿ."

ದಿವಾಕರನ್ ನಕ್ಕ, ಇಂಥದ್ದಕ್ಕೆಲ್ಲ ಅವನು ಪಳಗಿದವನು. "ಮಾಷೇ, ಓದಿ ಹೇಳಿಬಿಡಿ. ಎಲ್ಲ ಬೇಡ. ಸಾರಾಂಶ."

ಶಿವಮಲ್ಲಪ್ಪ ಅವನ ಪಕ್ಕ ಕೂತು ಕಾಗದ ಬಿಚ್ಚಿದ. ಸಾರಾಂಶ ನಾಲಿಗೆಯ ಮೇಲೆ ಸಿದ್ಧವಾಗಿತ್ತು: ಆಸ್ಪತ್ರೆ ಕಾಗದ, ಹೆಬ್ಬೆಟ್ಟು ಒತ್ತು. ಬೊಮ್ಮನ್ ಕಾಯುತ್ತಿದ್ದ. ಅವನ ಹುಬ್ಬಿನಲ್ಲಿ ಕೂದಲಿರಲಿಲ್ಲ, ಅದರಿಂದ ಮುಖಕ್ಕೆ ಏನೋ ಆಶ್ಚರ್ಯಪಡುತ್ತಿರುವ ಕಳೆ ಬಂದಿತ್ತು. ಅಂಗಡಿಗೆ ಜೇನು ತರುತ್ತಿದ್ದ ದಿನಗಳಲ್ಲಿ ಅಳತೆ ಮಾಡುವಾಗ ಬೊಮ್ಮನ್ ಯಾವತ್ತೂ ತಲೆ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ; ನೋಡಿದರೆ ನಂಬಿಕೆ ಇಲ್ಲ ಎಂದು ಆಗುತ್ತದಲ್ಲ ಬುದ್ಧಿ ಎಂದಿದ್ದ ಒಮ್ಮೆ. ಶಿವಮಲ್ಲಪ್ಪ ಮೊದಲ ಸಾಲಿನಿಂದ ಶುರುಮಾಡಿದ. ಒಂದು ಶಬ್ದವನ್ನೂ ಹಾರಿಸಲಿಲ್ಲ. ಬಿಲ್ಲೆ ಎಂಬಲ್ಲಿ ನಿಂತು, ಬಿಲ್ಲೆ ಅಂದರೆ ಏನು ಎಂದು ಹೇಳಿದ. ಅದು ಹೆಸರಿನ ಚೀಟಿಯಲ್ಲ, ಒಳಗಿನ ಬೆಂಕಿ ಎಷ್ಟು ತಾಗಿತು ಎಂದು ಬರೆದಿಟ್ಟುಕೊಳ್ಳುವ ಕಣ್ಣು, ಎದೆಯ ಮೇಲಿರಬೇಕಿತ್ತು, ಗೂಟದಲ್ಲಿತ್ತು, ಅದಕ್ಕೇ ಸೊನ್ನೆ. ತಾನೇ ಕೇಳಿಸಿಕೊಳ್ಳುತ್ತಿದ್ದ ತನ್ನ ದನಿ ಪಾಠ ಒಪ್ಪಿಸುವವನ ದನಿಯ ಹಾಗಿತ್ತು.

"ಮಾಷೇ," ಎಂದ ದಿವಾಕರನ್, ಎಚ್ಚರಿಸುವ ಹಾಗೆ.

ಚಿರುತ ಕತ್ತಿ ಕೆಳಗಿಟ್ಟಳು. "ಇದು ನಿಮಗೆ ಗೊತ್ತಿತ್ತಾ ಬುದ್ಧಿ?"

"ಮೊದಲನೇ ಸಲ ಗೊತ್ತಿರಲಿಲ್ಲ."

"ಎರಡ್ನೇ ಸಲ?"

"ಗೊತ್ತಿತ್ತು."

ಹಿಂದಿನ ಬಿದಿರ ಮೆಳೆಯಲ್ಲಿ ಗಾಳಿ ಆಡಿತು. ಗೆಣಸಿನ ಹೋಳುಗಳ ಮೇಲೆ ನೊಣ ಕೂತವು.

"ಮೂರ್ನೇ ಸಲದ್ದು ಕೇಳೂದಿಲ್ಲ ನಾನು," ಎಂದಳು ಚಿರುತ.

ಬೊಮ್ಮನ್‌ನ ತುಟಿ ಅಲುಗಾಡುತ್ತಿತ್ತು. "ನಾನು ಎರಡ್ ಸಲ ಹಾಡಿದ್ಕೆ ಸತ್ತ ಅಂತ ಅನ್ಕಂಡಿದ್ದಿ ಬುದ್ಧಿ. ಮೂರ್ ತಿಂಗ್ಳಿಂದ ಇವ್ಳ ಕೈಯಲ್ಲಿ ನೀರಿಸ್ಕಂಡು ಕುಡ್ದಿಲ್ಲ ನಾನು. ನಾನೇ ಕೊಂದೋನು ಅಂತ." ಅಷ್ಟಕ್ಕೇ ದಣಿದು ಕಣ್ಣು ಮುಚ್ಚಿದ. ಬೈದಿದ್ದರೆ ಶಿವಮಲ್ಲಪ್ಪ ತಡೆದುಕೊಳ್ಳುತ್ತಿದ್ದ. ಅವನು ಬೈಯಲಿಲ್ಲ. ತಾನು ಹೇಳಿದ್ದರಿಂದ ಯಾರಿಗಾದರೂ ಹಗುರವಾಯಿತೇ ಎಂದು ಶಿವಮಲ್ಲಪ್ಪ ನಾಚಿಕೆಯಿಲ್ಲದೆ ತನ್ನ ಒಳಗೇ ಹುಡುಕಿದ, ಹಗುರವಾದದ್ದೇನೂ ಅಲ್ಲಿರಲಿಲ್ಲ.

"ಆಯ್ತು. ಓದಿ ವಿವರಿಸಿದ್ದೂ ಆಯ್ತು," ಎಂದ ದಿವಾಕರನ್. ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಇಳಿದುಹೋಗಿತ್ತು. "ಬೊಮ್ಮಾ, ಈ ಮಾಷ್ ಮಾತಿನಿಂದ ಗುಡಿಸಲು ಉಳಿಯೋದಿಲ್ಲ. ನಾಳೆ ಫಾರೆಸ್ಟಿನವರು ಬೆಂಕಿ ಹಿಡಿದು ಬಂದರೆ ಇವರು ವಾಚನಾಲಯದಲ್ಲಿ ಪೇಪರು ಓದುತ್ತಾ ಇರ್ತಾರೆ." ಚೀಲದಿಂದ ಶಾಯಿಯ ಡಬ್ಬಿ ತೆಗೆದು ಬೊಮ್ಮನ್‌ನ ಬಲಗೈಯ ಬಟ್ಟೆಯನ್ನು ತಾನೇ ಬಿಚ್ಚತೊಡಗಿದ. ಬೊಮ್ಮನ್ ಬಿಡಿಸಿಕೊಳ್ಳಲಿಲ್ಲ, ಬಿಡಿಸಿಕೊಳ್ಳಲು ಬೇಕಾದ ಶಕ್ತಿ ಅವನಲ್ಲಿ ಇರಲಿಲ್ಲ. ಎಲೆ ಸರಿದಾಗ ದಿವಾಕರನ್ ಒಂದು ಕ್ಷಣ ಮುಖ ತಿರುಗಿಸಿದ, ಮತ್ತೆ ಹೆಬ್ಬೆರಳನ್ನು ಹಿಡಿದು ಶಾಯಿಗೆ ಅದ್ದಿ ಚೌಕದಲ್ಲಿ ಒತ್ತಿದ. ಕಾಗದದ ಮೇಲೆ ಹುಣಸೆಬೀಜದಂಥ ಒಂದು ಕಪ್ಪು ಮಚ್ಚೆ ಮೂಡಿತು. ಅದರಲ್ಲಿ ಒಂದೂ ಗೆರೆ ಇರಲಿಲ್ಲ. ಎಡಗೈ ಬಿಚ್ಚಿ ಒತ್ತಿದ. ಅದೂ ಹಾಗೇ.

"ನನ್ನ ಬೆಳ್ಳು ಅಳ್ಸೋಗದೆ ಸಾರೇ," ಎಂದ ಬೊಮ್ಮನ್, ತಪ್ಪು ತನ್ನದೇ ಎಂಬಂತೆ.

"ಇಂಥದ್ದು ಕಚೇರಿಯಲ್ಲಿ ನಡೆಯೋಲ್ಲ." ದಿವಾಕರನ್ ಕಾಗದವನ್ನು ಮುದುರಿ ಚೀಲಕ್ಕೆ ಹಾಕಿ ಇನ್ನೊಂದು ಪ್ರತಿ ತೆಗೆದ. ಆಮೇಲೆ ತೀರ ಸಲೀಸಾಗಿ, ಬಸ್ಸಿನಲ್ಲಿ ಸ್ವಲ್ಪ ಸರಿದು ಕೂರಿ ಎನ್ನುವವನ ಹಾಗೆ, "ಮಾಷೇ, ನಿಮ್ಮದು ಕೊಡಿ," ಎಂದ.

"ನನ್ನ ಸಹಿಯ?"

"ಸಹಿ ಆಮೇಲೆ. ಹೆಬ್ಬೆಟ್ಟು. ಈ ಚೌಕದಲ್ಲಿ ನಿಮ್ಮದು ಒತ್ತಿ. ಬೊಮ್ಮನ್‌ನ ಗೆರೆ ಹೇಗಿತ್ತು ಅಂತ ಯಾರು ಕಂಡಿದ್ದಾರೆ? ಗೆರೆ ಇದ್ದರೆ ಸಾಕು."

ಶಿವಮಲ್ಲಪ್ಪನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅವಮಾನ. ತಾನು ಹೆಬ್ಬೆಟ್ಟು ಒತ್ತುವವನಲ್ಲ, ಬರೆಯುವವನು ಎಂಬ ಅವಮಾನ. ಗೆರೆಯಿಲ್ಲದ ಆ ಎರಡು ಬೆರಳುಗಳ ಎದುರಿಗೂ ಇದೇ ಮೊದಲು ಬಂತಲ್ಲ ಎಂದು ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ದಿವಾಕರನ್ ಅಷ್ಟರಲ್ಲಿ ಅವನ ಬಲಗೈಯನ್ನು ಸ್ನೇಹಿತನ ಹಾಗೆ ತನ್ನ ತೊಡೆಯ ಮೇಲೆ ಎಳೆದುಕೊಂಡು, ಹೆಬ್ಬೆರಳನ್ನು ಶಾಯಿಗೆ ಒತ್ತಿ, ಈ ಕಡೆ ಆ ಕಡೆ ಹೊರಳಿಸಿದ್ದ. ಶಿವಮಲ್ಲಪ್ಪ ಕೈ ಬಿಟ್ಟುಕೊಟ್ಟಿದ್ದ. ಕೈಗಳು ಹೀಗೇ, ಯಾರಾದರೂ ಎಳೆದರೆ ಹೋಗುತ್ತವೆ. ಶಾಯಿ ತಣ್ಣಗಿತ್ತು. ಬೆರಳಿನ ಗೆರೆಗಳು ಕಪ್ಪಿನಲ್ಲಿ ಒಂದೊಂದಾಗಿ ಎದ್ದು ಕಂಡವು, ಸುಳಿಯ ಸುತ್ತ ಸುಳಿ, ಎಲ್ಲವೂ ಇದ್ದವು, ಒಂದೂ ಅಳಿಸಿರಲಿಲ್ಲ.

"ಠಾಣೆ ನೆನಪಿದೆಯಲ್ಲ ಮಾಷೇ," ದಿವಾಕರನ್ ಕಿವಿಯ ಹತ್ತಿರ ಹೇಳಿದ. "ಅವತ್ತು ಜಾಣತನ ಮಾಡಿ ಎರಡೇ ದಿನಕ್ಕೆ ಮನೆಗೆ ಬಂದಿರಿ. ಇವತ್ತೂ ಜಾಣರಾಗಿ. ಒತ್ತಿ."

ಚಿರುತ ಅವನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ನಿರೀಕ್ಷೆ ಇರಲಿಲ್ಲ. ಇವನು ಒತ್ತುತ್ತಾನೆ ಎಂದೇ ಅವಳು ತಿಳಿದಿದ್ದಳು. ಆ ತಿಳಿವಳಿಕೆಯಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಒತ್ತದಿದ್ದರೂ ಅವಳು ಇವನನ್ನು ಕ್ಷಮಿಸುವುದಿಲ್ಲ. ಕರಿಯನ್ ಎದ್ದು ಬರುವುದಿಲ್ಲ. ಗುಡಿಸಲುಗಳನ್ನು ಸುಟ್ಟರೂ ಸುಡಬಹುದು. ಇದರಿಂದ ತನಗೆ ಬರುವುದು ಏನೂ ಇಲ್ಲ, ಠಾಣೆಯ ಆ ನಗು ಅಳಿಸುವುದೂ ಇಲ್ಲ ಎನ್ನುವುದು ಶಿವಮಲ್ಲಪ್ಪನಿಗೆ ಎಷ್ಟು ಸ್ಪಷ್ಟವಾಯಿತೆಂದರೆ, ಮಂಡಿಯ ನೋವು ಇದ್ದ ಹಾಗೇ ಇತ್ತು, ಹೆದರಿಕೆಯೂ ಇದ್ದ ಹಾಗೇ ಇತ್ತು, ಕೈ ಮಾತ್ರ ದಿವಾಕರನ್‌ನ ತೊಡೆಯ ಮೇಲಿಂದ ಹಿಂದಕ್ಕೆ ಬಂತು.

"ಒತ್ತೋದಿಲ್ಲ," ಎಂದ.

"ಏನು?"

"ಹೆಬ್ಬೆಟ್ಟೂ ಒತ್ತೋದಿಲ್ಲ. ಸಹಿಯೂ ಹಾಕೋದಿಲ್ಲ."

ದಿವಾಕರನ್ ಎದ್ದು ನಿಂತು ಪಂಚೆ ಕೊಡವಿಕೊಂಡ. ಹಾಗಾದರೆ ಜೀಪು ಹತ್ತಿ, ನೇರ ಪುಲ್ಪಳ್ಳಿಗೇ ಹೋಗೋಣ, ನಡೀರಿ ಎಂದ. ಶಿವಮಲ್ಲಪ್ಪ ಜಗುಲಿಯಿಂದ ಏಳಲಿಲ್ಲ.